ಗೋಡೆಯ ಜೊತೆ ನೆಲವನ್ನೂ ನೋಡಿ

ಕೇಳುಗರಿಗೆ ನಮಸ್ಕಾರ.

ಜಿಂಬಾಬ್ವೆ ದೇಶದ ಮಸ್ವಿಂಗೊ ಪಟ್ಟಣದ ಹತ್ತಿರ ಒಂದು ಹಳೆಯ ಕಲ್ಲಿನ ನಗರವಿದೆ, ಗ್ರೇಟ್ ಜಿಂಬಾಬ್ವೆ. ಶೋನಾ ಜನರ ಪೂರ್ವಿಕರು 11ರಿಂದ 15ನೇ ಶತಮಾನದವರೆಗೆ ಕಟ್ಟಿ ಬಾಳಿದ ಊರು. ದೇಶಕ್ಕೆ ಹೆಸರು ಬಂದದ್ದೂ ಇದರಿಂದಲೇ.

ಅಲ್ಲಿಗೆ ಹೋದವರು ಮಹಾ ಆವರಣ ಅನ್ನುವ ದೊಡ್ಡ ಕಟ್ಟಡದ ಹೊರಗೋಡೆಯ ಪಕ್ಕ ನಿಧಾನವಾಗಿ ನಡೆಯಬೇಕು. ಸುತ್ತಳತೆ ಸುಮಾರು 250 ಮೀಟರ್. ಕೆಲವು ಕಡೆ ಎತ್ತರ 11 ಮೀಟರ್ ಮುಟ್ಟುತ್ತದೆ. ಗಾರೆ ಅನ್ನೋದೇ ಇಲ್ಲ. ಇಟ್ಟಿಗೆಯಂಥ ಗ್ರಾನೈಟ್ ಕಲ್ಲುಗಳು, ವರಸೆಯ ಮೇಲೆ ವರಸೆ. ಅಲ್ಲಿನ ಬಂಡೆ ಹಗಲು ಕಾದು, ರಾತ್ರಿ ತಣ್ಣಗಾಗಿ, ತಾನಾಗಿಯೇ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಕಲ್ಲುಕೆಲಸದವರು ಇದನ್ನು ಚೆನ್ನಾಗಿ ಅರಿತಿದ್ದರು. ಪ್ರತಿ ವರಸೆಯನ್ನೂ ಕೆಳಗಿನದಕ್ಕಿಂತ ಚೂರು ಒಳಕ್ಕೆ ಸರಿಸಿ ಇಟ್ಟಿದ್ದಾರೆ. ಬಾಗಿಲ ಬಳಿ ಗೋಡೆಗಳು ಮೂಲೆಯೇ ಇಲ್ಲದೆ ದುಂಡಗೆ ಒಳಕ್ಕೆ ತಿರುಗುತ್ತವೆ. ಆಗ್ನೇಯ ಭಾಗದಲ್ಲಿ ತಲೆಯೆತ್ತಿದರೆ ಗೋಡೆಯ ತುದಿಯಲ್ಲಿ ಅಂಕುಡೊಂಕಿನ ಎರಡು ಸಾಲು ಕಾಣುತ್ತವೆ. ಗೋಡೆ ನಿಲ್ಲಲು ಅದು ಬೇಕಿರಲಿಲ್ಲ. ಚೆಂದಕ್ಕೆ ಅಂತಲೇ ಅಷ್ಟು ಶ್ರಮ ಪಟ್ಟಿದ್ದಾರೆ, ಎಂಥ ಕೈಗಳವು!

ಆಮೇಲೆ ನೆಲ ನೋಡಿ. ಜನ ಇದ್ದದ್ದು ಈ ಗೋಡೆಗಳ ನಡುವಿನ ಮಣ್ಣಿನ ಮನೆಗಳಲ್ಲಿ. ಅವರ ಬದುಕಿನ ಗುರುತು ಉಳಿಯಬೇಕಾಗಿದ್ದದ್ದು ಆ ನೆಲದಲ್ಲೇ. 1871ರಲ್ಲಿ ಬಂದ ಜರ್ಮನಿಯ ಕಾರ್ಲ್ ಮೌಖ್ ಈ ಊರನ್ನು ಬೈಬಲ್ ಕಥೆಯ ಶೀಬಾ ರಾಣಿಗೆ ಗಂಟುಹಾಕಿದ. ಆಫ್ರಿಕದವರಿಗೆ ಇದೆಲ್ಲ ಎಲ್ಲಿ ಬರಬೇಕು ಅನ್ನುವ ಹಮ್ಮು ಬಿಳಿಯರಲ್ಲಿ ಬೇರೂರಿತು. 1902ರಿಂದ ಇಲ್ಲಿ ಕೆಲಸ ಮಾಡಿಸಿದ ರಿಚರ್ಡ್ ಹಾಲ್, ಸ್ಥಳೀಯರು ಬಿಟ್ಟುಹೋದ ಕಸ ಅಂತ ಅಡಿಗಟ್ಟಲೆ ಮಣ್ಣು ಎತ್ತಿಸಿ ಹಾಕಿದ. ಕಟ್ಟಿದವರು ಯಾರು ಅಂತ ಹೇಳಬಲ್ಲ ಸಾಕ್ಷಿಯೇ ಆ ಮಣ್ಣು! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೂ ಸತ್ಯ ಪೂರ್ತಿ ಅಳಿಯಲಿಲ್ಲ. ಪುರಾತತ್ವ ತಜ್ಞರಾದ ಡೇವಿಡ್ ರಾಂಡಲ್-ಮ್ಯಾಕ್‌ಐವರ್ 1905ರಲ್ಲಿ, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅಗೆದು ನೋಡಿ, ಇದು ಆಫ್ರಿಕದವರದೇ ಕೆಲಸ ಅಂದರು. ಚೀನಾದ ಪಿಂಗಾಣಿ ಚೂರುಗಳು, ನಮ್ಮ ಕಡೆಯಿಂದ ಹೋದ ಗಾಜಿನ ಮಣಿಗಳು ಕೂಡ ಇಲ್ಲಿ ಸಿಕ್ಕಿವೆ. ಚಿನ್ನ ಕರಾವಳಿಗೆ ಹೋಗುತ್ತಿತ್ತು, ಇವೆಲ್ಲ ಒಳನಾಡಿಗೆ ಬರುತ್ತಿದ್ದವು. ಇಷ್ಟಾದರೂ ರೊಡೇಷಿಯಾದ, ಅಂದರೆ ಆಗಿನ ಜಿಂಬಾಬ್ವೆಯ, ಬಿಳಿಯರ ಸರ್ಕಾರಕ್ಕೆ ಇದು ಆಫ್ರಿಕದವರ ಕೆಲಸ ಅನ್ನುವ ಮಾತು ಬೇಕಿರಲಿಲ್ಲ. ಒತ್ತಡ ತಾಳಲಾರದೆ ಪುರಾತತ್ವ ತಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಟ್ಟರು. 1980ರಲ್ಲಿ ಸ್ವಾತಂತ್ರ್ಯ ಬಂತು. ಇಲ್ಲಿ ಸಿಕ್ಕಿದ, ಬಳಪದ ಕಲ್ಲಿನಲ್ಲಿ ಕೆತ್ತಿದ ಹಕ್ಕಿಯ ರೂಪ ಹೊಸ ಬಾವುಟ ಏರಿತು. ಹೊರದೇಶಕ್ಕೆ ಸಾಗಿಸಿದ್ದ ಇಂಥ ಕಲ್ಲಿನ ಹಕ್ಕಿಗಳಲ್ಲಿ ಹೆಚ್ಚಿನವು ಊರಿಗೆ ವಾಪಸ್ ಬಂದಿವೆ. ಅವನ್ನು ಅಲ್ಲೇ ಇರುವ ಮ್ಯೂಸಿಯಂನಲ್ಲಿ ನೋಡಬಹುದು.