ಉದ್ದ ಕಾಲಿನವರ ಬೈಕು

ಕೇಳುಗರೇ, ನಮಸ್ಕಾರ.

ಆರಡಿ ದಾಟಿದವರಿಗೆ ಬೈಕ್ ಶೋರೂಮಿನಲ್ಲಿ ಒಂದು ಮಾತು ಖಾಯಂ. "ನಿಮಗೇನು ಬಿಡಿ ಸಾರ್, ಯಾವ ಗಾಡಿ ಹತ್ತಿದರೂ ಎರಡು ಕಾಲೂ ನೆಲಕ್ಕೆ ಸಿಗುತ್ತೆ." ನಿಜ, ಸಿಗುತ್ತೆ. ಆದರೆ ಕಾಲು ನೆಲದ ಮೇಲಿರುವುದು ಸಿಗ್ನಲ್‌ನಲ್ಲಿ ಮಾತ್ರ. ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಟರೆ ಇಡೀ ದಿನ ಅದು ಫುಟ್‌ರೆಸ್ಟ್ ಮೇಲೆ ಮಡಚಿಕೊಂಡಿರುತ್ತದೆ. ತುಮಕೂರು ದಾಟುವಾಗ ಮಂಡಿ ಬಿಗಿಯುತ್ತದೆ. ಶಿರಾ ಹೊತ್ತಿಗೆ ಸೊಂಟ ನೋಯುತ್ತದೆ. ಚಿತ್ರದುರ್ಗದ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಹೆಲ್ಮೆಟ್ಟಿಗೆ ಗಾಳಿ ಬಡಿದು ಬಡಿದು ಕತ್ತು ಹಿಡಿದಿರುತ್ತದೆ. ನಾನೂ ಆರಡಿ ಎರಡಿಂಚಿನ ಆಸಾಮಿ. ಹಾಗಾಗಿ ಇವತ್ತಿನ ಮಾತು ಸ್ವಲ್ಪ ನಮ್ಮವರ ಪರವಾಗಿಯೇ ಇರುತ್ತದೆ, ಗಿಡ್ಡವರು ಕ್ಷಮಿಸಬೇಕು.

ಇದರಲ್ಲಿ ಕಂಪನಿಯವರ ತಪ್ಪೇನಿಲ್ಲ. ನಮ್ಮ ದೇಶದ ಗಂಡಸರ ಸರಾಸರಿ ಎತ್ತರ ಐದೂವರೆ ಅಡಿಯ ಆಸುಪಾಸು. ಬೈಕನ್ನು ಅವರಿಗಾಗಿಯೇ ಮಾಡುತ್ತಾರೆ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಸೀಟು ನೆಲದಿಂದ 765 ಮಿಲಿಮೀಟರ್ ಎತ್ತರದಲ್ಲಿದೆ. ಕ್ಲಾಸಿಕ್ 350ರದ್ದು 805. 2023ರಲ್ಲಿ ಬಂದ ಹಿಮಾಲಯನ್ 450ರದ್ದು 825, ಅದನ್ನೇ 845ಕ್ಕೆ ಏರಿಸಿಕೊಳ್ಳಬಹುದು. 2020ರ ಕೆಟಿಎಂ 390 ಅಡ್ವೆಂಚರ್ 855 ಇತ್ತು. ಹೀರೋ ಎಕ್ಸ್‌ಪಲ್ಸ್‌ನ ಪ್ರೋ ಮಾದರಿ 891ರವರೆಗೆ ಹೋಗುತ್ತದೆ. ಬೈಕ್ ಕೊಳ್ಳುವ ಮೊದಲೇ ಈ ಒಂದು ಅಂಕಿ ನೋಡಿಕೊಂಡರೆ ಮುಂದಿನ ಖರ್ಚು ಎಷ್ಟೋ ಉಳಿಯುತ್ತದೆ. ಆದರೆ ಮನಸ್ಸು ಒಂದು ಗಾಡಿಯ ಮೇಲೆ ಬಿದ್ದುಬಿಟ್ಟರೆ ಅಂಕಿಸಂಖ್ಯೆ ಯಾರಿಗೆ ಬೇಕು, ಅಲ್ವಾ? ಮನೆಗೆ ಬಂದ ಗಾಡಿಯನ್ನು ಮೈಗೆ ಹೊಂದಿಸಿಕೊಳ್ಳುವುದು ಹೇಗೆ, ಅದನ್ನು ನೋಡೋಣ.

ಬಹಳ ಜನ ಮೊದಲು ಕೈ ಹಾಕುವುದು ಹ್ಯಾಂಡಲ್‌ಗೆ. ಅಂಗಡಿಗೆ ಹೋಗಿ ಹ್ಯಾಂಡಲ್ ಎತ್ತರಿಸುವ ರೈಸರ್ ತರುತ್ತಾರೆ, ಅರ್ಧ ಗಂಟೆಯಲ್ಲಿ ಹಾಕಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದದ್ದು ಸೀಟಿನಿಂದ. ಯಾಕೆಂದರೆ ಸೀಟು ಒಂದಿಂಚು ಮೇಲೆ ಹೋದರೆ ನಿಮ್ಮ ಹೆಗಲು, ತಲೆ ಎಲ್ಲವೂ ಒಂದಿಂಚು ಮೇಲೆ ಹೋಗುತ್ತವೆ. ನಿನ್ನೆ ಸರಿಯಿದ್ದ ಹ್ಯಾಂಡಲ್ ಇವತ್ತು ತಗ್ಗಾಗುತ್ತದೆ. ಗದ್ದಕ್ಕೆ ಬರುತ್ತಿದ್ದ ಗಾಳಿ ಎದೆಗೆ ಬರುತ್ತದೆ. ಸೀಟಿನ ಎತ್ತರ ನಿಗದಿಯಾಗದೆ ಉಳಿದದ್ದನ್ನು ಅಳೆಯುವುದಕ್ಕೇ ಆಗುವುದಿಲ್ಲ.

ಅದಕ್ಕೂ ಮುಂಚೆ ನಿಮ್ಮ ಮೈ ಅಳತೆ ತಿಳಿದುಕೊಳ್ಳಿ. ಆರಡಿ ಮೂರಿಂಚಿನ ಇಬ್ಬರಿದ್ದರೆ ಒಬ್ಬನಿಗೆ ಕಾಲು ಉದ್ದ, ಇನ್ನೊಬ್ಬನಿಗೆ ಬೆನ್ನು ಉದ್ದ. ಕಾಲು ಉದ್ದ ಇರುವವನ ತೊಂದರೆಯೆಲ್ಲ ಮಂಡಿಯಲ್ಲಿ, ಬೆನ್ನು ಉದ್ದ ಇರುವವನದ್ದು ಕತ್ತಿನಲ್ಲಿ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ರೈಡಿಂಗ್ ಬೂಟು, ಜಾಕೆಟ್, ಹೆಲ್ಮೆಟ್ ಎಲ್ಲ ತೊಟ್ಟು ಮೇಲೆ ಕೂತುಕೊಳ್ಳಿ. ಪಕ್ಕದಿಂದ ಒಂದು ಫೋಟೋ ತೆಗೆಸಿಕೊಳ್ಳಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಇದು ಹೆಣ್ಣಿನ ಮನೆಯವರಿಗೆ ಕಳಿಸುವ ಫೋಟೋ ಅಲ್ಲ. ತೊಡೆ ಮತ್ತು ಮೀನಖಂಡದ ನಡುವಿನ ಕೋನ ತೊಂಬತ್ತು ಡಿಗ್ರಿಗಿಂತ ಕಡಿಮೆ ಕಂಡರೆ, ದೂರದ ದಾರಿಯಲ್ಲಿ ಮಂಡಿ ಬಾಯಿ ಬಿಟ್ಟೇ ಬಿಡುತ್ತದೆ.

ಈಗ ಸೀಟು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟು ಹೊಲಿಯುವ ಅಂಗಡಿಗಳಿವೆ. ಬೇರೆ ಊರುಗಳಲ್ಲೂ ಬಸ್ ಸೀಟು, ಕಾರ್ ಸೀಟು ಹೊಲಿಯುವವರು ಸಿಗುತ್ತಾರೆ. ಹೋದವರೆಲ್ಲ ಕೇಳುವುದು ಒಂದೇ, "ಸ್ವಲ್ಪ ಮೆತ್ತಗೆ ಮಾಡಿಕೊಡಿ". ಹಾಗೆ ಕೇಳಲೇಬೇಡಿ. ಮೆತ್ತನೆ ಫೋಮ್ ಅಂಗಡಿ ಮುಂದೆ ಹಿತವಾಗಿರುತ್ತದೆ. ಒಂದು ಗಂಟೆ ಕೂತ ಮೇಲೆ ಕುಸಿದು, ನೀವು ಕೆಳಗಿನ ಪ್ಲಾಸ್ಟಿಕ್ ತಳದ ಮೇಲೆ ಕೂತಂತಾಗುತ್ತದೆ. ಕೆಳಗೆ ಗಟ್ಟಿ ರೀಬಾಂಡ್ ಫೋಮ್, ಅಂದರೆ ಫೋಮ್ ಚೂರುಗಳನ್ನು ಅಂಟಿಸಿ ಒತ್ತಿ ಮಾಡಿದ್ದು, ಮೇಲೆ ಬೆರಳಿನಷ್ಟು ದಪ್ಪ ಮೃದು ಪದರ. ಇದು ಬಾಳುತ್ತದೆ. ಒಟ್ಟು ಎತ್ತರ ಒಂದಿಂಚಿನಷ್ಟು ಏರಿಸಿದರೆ ಸಾಕು. ಒಂದೇ ಸಲಕ್ಕೆ ಎರಡಿಂಚು ಏರಿಸಿದರೆ ಗಾಡಿಯ ಒಳಗೆ ಕೂರುವ ಬದಲು ಗಾಡಿಯ ಮೇಲೆ ಏರಿ ಕೂತಂತೆ ಇರುತ್ತದೆ.

ಎತ್ತರಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಸವಾರನ ಸೀಟಿಗೂ ಹಿಂದೆ ಕೂರುವವರ ಸೀಟಿಗೂ ನಡುವೆ ಒಂದು ಮೆಟ್ಟಿಲು ಇರುತ್ತದಲ್ಲ, ಅದು ಎತ್ತರದವನನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಜೊತೆಗೆ ಬಹಳ ಸೀಟುಗಳು ಟ್ಯಾಂಕಿನ ಕಡೆಗೆ ಇಳಿಜಾರು. ಬ್ರೇಕ್ ಹಿಡಿದಾಗಲೆಲ್ಲ ಜಾರಿ ಮುಂದೆ ಬರುತ್ತೀರಿ, ತೊಡೆಸಂದು ಟ್ಯಾಂಕಿಗೆ ಒತ್ತುತ್ತದೆ, ಮಂಡಿ ಇನ್ನಷ್ಟು ಮಡಚುತ್ತದೆ. ಆ ಮೆಟ್ಟಿಲನ್ನು ಎರಡಿಂಚು ಹಿಂದೆ ಸರಿಸಿ, ಇಳಿಜಾರು ಮಟ್ಟ ಮಾಡಿಸಿದರೆ ಅರ್ಧ ನೋವು ಹೋಗುತ್ತದೆ. ಸೀಟು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಬೇಡಿ. ಗಾಡಿಯ ಮೇಲೇ ಹೋಗಿ. ಅಲ್ಲೇ ಕೂತು, ಹಿಂದೆ ಸರಿದು, ಎಲ್ಲಿ ಹಿತವೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಇನ್ನೊಂದು ಮಾತು, ಮಲೆನಾಡಿನ ಕಡೆ ಓಡಾಡುವವರಿಗೆ. ರೆಕ್ಸಿನ್ ಹೊಲಿಗೆಯ ತೂತಿನಿಂದ ಮಳೆನೀರು ಒಳಗೆ ಇಳಿದು ಫೋಮ್ ಕುಡಿಯುತ್ತದೆ. ಬಿಸಿಲು ಬಂದ ಮೇಲೂ ಎರಡು ದಿನ ಪ್ಯಾಂಟು ಒದ್ದೆ. ರೆಕ್ಸಿನ್ ಎಳೆಯುವ ಮುಂಚೆ ಫೋಮ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಲು ಹೇಳಿ.

ಸೀಟು ಏರಿಸಿಯೂ ಮಂಡಿ ಸಾಲದು ಅನ್ನುತ್ತಿದ್ದರೆ ಫುಟ್‌ರೆಸ್ಟ್ ಇಳಿಸಬಹುದು. ಅದರಲ್ಲಿ ಒಂದು ಲಾಭ ಇದೆ. ಕಾಲಿಗೆ ಜಾಗ ಸಿಗುತ್ತದೆ, ತಲೆ ಮಾತ್ರ ಇದ್ದಲ್ಲೇ ಇರುತ್ತದೆ, ಗಾಳಿ ಹೆಚ್ಚು ತಾಗುವುದಿಲ್ಲ. ನಷ್ಟವೂ ಇದೆ. ತಿರುವಿನಲ್ಲಿ ಗಾಡಿ ವಾಲಿದಾಗ ಫುಟ್‌ರೆಸ್ಟ್ ಬೇಗ ನೆಲ ಕೆರೆಯುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಇದು ತಮಾಷೆಯ ವಿಷಯ ಅಲ್ಲ. ನೆಲ ತಾಗಿದರೆ ಮೇಲಕ್ಕೆ ಮಡಚಿಕೊಳ್ಳುವಂಥದ್ದನ್ನೇ ಹಾಕಿಸಿ. ಮಡಚದ ಫುಟ್‌ರೆಸ್ಟ್ ಗಾಡಿಯನ್ನೇ ಎತ್ತಿ ಎಸೆಯಬಹುದು. ಇಳಿಸಿದ ಮೇಲೆ ಗೇರ್ ಲಿವರನ್ನೂ ಬ್ರೇಕ್ ಪೆಡಲನ್ನೂ ಅಷ್ಟೇ ಇಳಿಸಬೇಕು. ಇಲ್ಲದಿದ್ದರೆ ಪ್ರತಿ ಗೇರಿಗೂ ಪಾದ ಎತ್ತಿ ಎತ್ತಿ ಕಣಕಾಲು ನೋಯುತ್ತದೆ. ಹನ್ನೆರಡು ನಂಬರಿನ ಬೂಟು ಹಾಕುವವರು ಲಿವರ್ ಕೆಳಗೆ ಬೂಟಿನ ಮೂತಿ ಸಲೀಸಾಗಿ ಹೋಗುತ್ತದೆಯಾ ಅಂತ ನೋಡಿಕೊಳ್ಳಿ.

ಇಷ್ಟಾದ ಮೇಲೆ ಹ್ಯಾಂಡಲ್. ಇಪ್ಪತ್ತರಿಂದ ಮೂವತ್ತು ಮಿಲಿಮೀಟರ್ ರೈಸರ್ ಸಾಮಾನ್ಯವಾಗಿ ಸಾಕಾಗುತ್ತದೆ. ಕೊಳ್ಳುವ ಮುಂಚೆ ಹ್ಯಾಂಡಲ್ ಪೈಪಿನ ದಪ್ಪ ನೋಡಿ. 22 ಮಿಲಿಮೀಟರಿನದ್ದು ಒಂದು, 28ರದ್ದು ಇನ್ನೊಂದು. ಒಂದರ ರೈಸರ್ ಇನ್ನೊಂದಕ್ಕೆ ಕೂರುವುದಿಲ್ಲ. ಹಾಕಿದ ತಕ್ಷಣ ಒಂದು ಪರೀಕ್ಷೆ ಮಾಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಇಂಜಿನ್ ಸುಮ್ನೆ ಓಡುತ್ತಿರಲಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ. ಇಂಜಿನ್ ಸದ್ದು ಜಾಸ್ತಿಯಾಯಿತಾ? ಹಾಗಾದರೆ ಆಕ್ಸಿಲರೇಟರ್ ವೈರು ಎಳೆಯುತ್ತಿದೆ ಎಂದರ್ಥ. ಯೂಟರ್ನ್ ಹೊಡೆಯುವಾಗ ಗಾಡಿ ತಾನಾಗಿಯೇ ನುಗ್ಗುತ್ತದೆ. ಕ್ಲಚ್ ವೈರು, ಮುಂದಿನ ಬ್ರೇಕಿನ ಪೈಪು ಬಿಗಿಯಾಗಿಲ್ಲ ಅಂತಲೂ ಕೈಯಿಟ್ಟು ನೋಡಿ. ಹಿಮಾಲಯನ್ 450ರಂಥ ಗಾಡಿಗಳಲ್ಲಿ ಆಕ್ಸಿಲರೇಟರ್ ವೈರೇ ಇಲ್ಲ, ಎಲ್ಲ ಎಲೆಕ್ಟ್ರಾನಿಕ್. ಆದರೆ ಅಲ್ಲೂ ಕರೆಂಟಿನ ವೈರಿಂಗ್ ಎಳೆಯಬಾರದು. ಹ್ಯಾಂಡಲ್ ತೀರಾ ಮೇಲೆ ಹೋದರೆ ಎದೆಗೆ ಗಾಳಿ ಹೊಡೆದು ಕೈ ನೇತಾಡುತ್ತದೆ, ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗುತ್ತದೆ. ಮೊಣಕೈ ಸ್ವಲ್ಪ ಬಾಗಿರಬೇಕು. ಕ್ಲಚ್, ಬ್ರೇಕ್ ಲಿವರು ಮುಂಗೈ ಹೋದ ದಿಕ್ಕಿನಲ್ಲೇ ಇರಬೇಕು. ಲಿವರನ್ನು ಒಂದು ಬೆರಳಿನಷ್ಟು ತಿರುಗಿಸಿದರೆ ಮಣಿಕಟ್ಟಿನ ಜೋಮು ಎಷ್ಟೋ ಜನರಿಗೆ ಹೋಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಕೊನೆಗೆ ಗಾಳಿ. ಇಲ್ಲಿ ಎಲ್ಲರ ಲೆಕ್ಕವೂ ತಪ್ಪುತ್ತದೆ. ಎತ್ತರದವನಿಗೆ ಎತ್ತರದ ವಿಂಡ್‌ಶೀಲ್ಡ್ ಅಂತ ಅಂಗಡಿಯವರು ಕೊಡುತ್ತಾರೆ. ಶೀಲ್ಡ್ ದಾಟಿ ಬರುವ ಗಾಳಿ ಅದರ ಅಂಚಿನಲ್ಲಿ ಸುಳಿಸುಳಿಯಾಗಿ ಒಡೆಯುತ್ತದೆ. ಆ ಸುಳಿ ಎದೆಗೆ ಬಿದ್ದರೆ ಗೊತ್ತೂ ಆಗುವುದಿಲ್ಲ. ಹೆಲ್ಮೆಟ್ಟಿಗೆ ಬಿದ್ದರೆ ಯಾರೋ ತಲೆ ಹಿಡಿದು ಅಲುಗಿಸಿದ ಹಾಗೆ. ಖಾಲಿ, ನೇರ ರಸ್ತೆಯಲ್ಲಿ, ಹಿಂದೆ ಮುಂದೆ ಗಾಡಿಯಿಲ್ಲದಾಗ, ಎಂಬತ್ತರ ವೇಗದಲ್ಲಿ ನಿಧಾನವಾಗಿ ತಲೆ ಬಗ್ಗಿಸಿ. ಎಲ್ಲಿ ಸದ್ದು ನಿಲ್ಲುತ್ತದೋ ಗಮನಿಸಿ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಸ್ವಲ್ಪ ಮೇಲೆ ಏಳಿ. ಬಗ್ಗಿದಾಗ ಶಾಂತವಾದರೆ ಶೀಲ್ಡ್ ಎತ್ತರ ಬೇಕು, ಇಲ್ಲವೇ ಅದರ ಅಂಚಿಗೆ ಹಾಕುವ ಚಿಕ್ಕ ರೆಕ್ಕೆ ಬೇಕು. ಎದ್ದಾಗ ಶಾಂತವಾದರೆ ಶೀಲ್ಡ್ ಗಿಡ್ಡವಾಗಬೇಕು. ನನಗಂತೂ ಗಿಡ್ಡ ಶೀಲ್ಡೇ ಸರಿ. ಎದೆಗೆ ಗಾಳಿ ಬೀಳುತ್ತದೆ, ಆದರೆ ತಲೆ ಒಂದೇ ಸಮನೆ ಹರಿಯುವ ಗಾಳಿಯಲ್ಲಿರುತ್ತದೆ. ಬೇಸಿಗೆಯಲ್ಲಿ ತಂಪು ಬೇರೆ.

ಎತ್ತರದವರು ಸಾಮಾನ್ಯವಾಗಿ ತೂಕದಲ್ಲೂ ಜಾಸ್ತಿ. ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿದರೆ ಏರಿಸಿದ ಸೀಟೂ ಕುಸಿದಂತೆ. ನೀವು ಕೂತಾಗ ಗಾಡಿಯ ಹಿಂಭಾಗ ಒಟ್ಟು ಚಲನೆಯ, ಅಂದರೆ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ದೂರದ, ಮೂರರಲ್ಲಿ ಒಂದು ಭಾಗದಷ್ಟು ಇಳಿಯಬೇಕು. ಹಿಮಾಲಯನ್ 450ರ ಹಿಂದಿನ ಚಕ್ರಕ್ಕೆ 200 ಮಿಲಿಮೀಟರ್ ಚಲನೆ ಇದೆ, ಅಂದರೆ ಅರವತ್ತರ ಮೇಲೆ ಸ್ವಲ್ಪ. ಜಾಸ್ತಿ ಇಳಿಯುತ್ತಿದ್ದರೆ ಸ್ಪ್ರಿಂಗ್ ಬಿಗಿ ಮಾಡಿಸಿ. ಮಾಡಿಸಿದ ದಿನ ರಾತ್ರಿ ಹೆಡ್‌ಲೈಟ್ ಒಂದು ಸಲ ಗೋಡೆಗೆ ಬಿಟ್ಟು ನೋಡಿ. ಹಿಂದುಗಡೆ ಎದ್ದರೆ ಬೆಳಕು ಮುಂದಿನ ಚಕ್ರದ ಬುಡಕ್ಕೇ ಬೀಳುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟು ಆರ್‌ಸಿಯಲ್ಲಿ ದಾಖಲಾದ ವಿವರ ಬದಲಾಗುವಂತೆ ಗಾಡಿ ತಿದ್ದುವಂತಿಲ್ಲ. ಚಾಸಿಸ್ ಕತ್ತರಿಸುವುದು, ವೆಲ್ಡಿಂಗ್ ಮಾಡಿ ಉದ್ದ ಮಾಡುವುದು, ಇಂಥದ್ದಕ್ಕೆ ಕೈ ಹಾಕಬೇಡಿ. ನಾನು ಹೇಳಿದ್ದೆಲ್ಲ ಬೋಲ್ಟಿನಲ್ಲಿ ಕೂತು ಬೋಲ್ಟಿನಲ್ಲೇ ಬಿಚ್ಚುವಂಥದ್ದು. ಸೀಟಿಗೆ ಸಾಧ್ಯವಾದರೆ ಇನ್ನೊಂದು ಸೀಟೇ ಕೊಂಡು ಅದನ್ನು ಹೊಲಿಸಿ, ಮೂಲ ಸೀಟು ಅಟ್ಟದ ಮೇಲಿರಲಿ. ಗಾಡಿ ಮಾರುವ ದಿನ ನೋಡಲು ಬರುವವನು ಬಹುಶಃ ಐದೂವರೆ ಅಡಿಯವನೇ ಆಗಿರುತ್ತಾನೆ.

ನಮಸ್ಕಾರ.