ಮಣಿಕಟ್ಟಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ರಾತ್ರಿ 11 ಗಂಟೆ. ಮನೆಯವರೆಲ್ಲ ಮಲಗಿದ್ದಾರೆ. ನಾನೊಬ್ಬ ಕೋಣೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಿದ್ದೇನೆ. ಕಣ್ಣು ಎಳೆಯುತ್ತಿದೆ, ಆದರೂ ನಿಲ್ಲಲಾರೆ. ಕೈಯಲ್ಲಿರುವ ಸ್ಮಾರ್ಟ್ ವಾಚ್ 9,400 ಹೆಜ್ಜೆ ಎನ್ನುತ್ತಿದೆ, 10,000 ಆಗಲೇಬೇಕು. ಹೀಗೆ ತಿಂಗಳುಗಟ್ಟಲೆ ನಡೆದೆ.

ಈ 10,000 ಎಲ್ಲಿಂದ ಬಂತು? ವೈದ್ಯರು ಅಳೆದು ತೂಗಿ ಹೇಳಿದ್ದು ಅಂತಲೇ ನಂಬಿದ್ದೆ. ಹಾಗಲ್ಲವಂತೆ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಪುಟ್ಟ ಯಂತ್ರವೊಂದನ್ನು ಮಾರಾಟಕ್ಕೆ ತಂದಿತು. ಹೆಸರು ‘ಮಾನ್‌ಪೋಕೇ’. ಮಾನ್ ಅಂದರೆ ಹತ್ತು ಸಾವಿರ, ಪೋ ಅಂದರೆ ಹೆಜ್ಜೆ, ಕೇ ಅಂದರೆ ಮಾಪಕ. ಸರಕು ಮಾರಲು ಇಟ್ಟ ಹೆಸರು ಲೋಕಕ್ಕೆಲ್ಲ ನಿಯಮವಾಗಿಬಿಟ್ಟಿತು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ 16,000ಕ್ಕೂ ಹೆಚ್ಚು ವಯಸ್ಸಾದ ಮಹಿಳೆಯರ ಹೆಜ್ಜೆಗಳನ್ನು ಅಳೆದು ನೋಡಿತು. ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕಿದವರಲ್ಲೇ ಸಾವಿನ ಪ್ರಮಾಣ, 2,700 ಹಾಕಿದವರಿಗಿಂತ ಸಾಕಷ್ಟು ಕಡಿಮೆಯಿತ್ತು. 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ.

ಯಂತ್ರವನ್ನು ನಾನು ದೂರುತ್ತಿಲ್ಲ. ಅದು ಚರ್ಮದ ಮೇಲೆ ಹಸಿರು ಬೆಳಕು ಚೆಲ್ಲಿ, ಅದರಲ್ಲಿ ನಮ್ಮ ರಕ್ತವು ಹೀರಿಕೊಂಡ ಮೇಲೆ ಉಳಿದು ಮರಳುವ ಬೆಳಕಿನ ಏರಿಳಿತದಲ್ಲಿ ನಾಡಿ ಎಣಿಸುತ್ತದೆ. ಸೊಗಸಾದ ಕೆಲಸ. ಕುರ್ಚಿ ಬಿಟ್ಟು ಏಳದಿದ್ದ ನನ್ನನ್ನು ಎಬ್ಬಿಸಿದ್ದೂ ಅದೇ.

ಆದರೆ ಬೆಳಗಿನ ನಡಿಗೆಗೆ ನನಗೊಬ್ಬ ಜೊತೆಗಾರನಿದ್ದ. ಮಂಡಿನೋವು, ನಿಧಾನ ನಡಿಗೆ, ಬಾಯ್ತುಂಬ ಮಾತು. ಅವನು ಮಗಳ ವಿಷಯ ಹೇಳುವಾಗ ನಾನು ಹೂಂಗುಟ್ಟುತ್ತಲೇ ಮಣಿಕಟ್ಟು ನೋಡುತ್ತಿದ್ದೆ. ಅವನ ಜೊತೆ ನಡೆದರೆ ನನ್ನ ಸರಾಸರಿ ವೇಗ ಇಳಿಯುತ್ತಿತ್ತು. ಆ್ಯಪ್‌ನ ಗುಂಪಿನಲ್ಲಿ ನನ್ನ ಸ್ಥಾನವೂ ಇಳಿಯುತ್ತಿತ್ತು. ಒಂದು ದಿನ ಮುಂದೆ ಹೋಗಿಬಿಟ್ಟೆ. ಮರುದಿನದಿಂದ ಅವನು ಬರಲಿಲ್ಲ. ಅದನ್ನು ನಾನು ಗಮನಿಸಿದ್ದು ಎಷ್ಟೋ ದಿನಗಳ ಮೇಲೆ. ಈಗಲೂ ನನ್ನನ್ನು ಚುಚ್ಚುವುದು ಅದೇ.

ವ್ಯಾಯಾಮದ ಹದ ತಿಳಿಯಲು ತಜ್ಞರೇ ಹೇಳುವ ಒಂದು ಸರಳ ಉಪಾಯವಿದೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟಾದರೆ ನಡಿಗೆ ಹದವಾಗಿದೆ ಎಂದರ್ಥ. ಈ ಅಳತೆಗೆ ಪಕ್ಕದಲ್ಲಿ ಒಬ್ಬರಿದ್ದರೆ ಸಾಕು.

ಅವನ ಮನೆಗೆ ಹೋಗಿ ಕರೆದೆ. ತಪ್ಪಾಯಿತು ಅಂದೆ. ಈಗ ದಿನವೂ ಒಟ್ಟಿಗೆ ಹೊರಡುತ್ತೇವೆ. ಮಂಡಿ ಹಿಡಿದುಕೊಂಡಾಗ ಅವನು ನಿಲ್ಲುತ್ತಾನೆ, ನಾನೂ ನಿಲ್ಲುತ್ತೇನೆ. ಮಗಳ ಕಥೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತಾನೆ.

ನಮಸ್ಕಾರ.