ಪವರ್ ಆಮೇಲೆ, ಮೊದಲು ಟೈರ್

ಕೇಳುಗರೆಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಒಂದಷ್ಟು ಜನ ದೊಡ್ಡ ಎಂಜಿನ್ನಿನ ಕಾರು ಇಟ್ಟುಕೊಂಡಿರುತ್ತೀರಿ. 200, 250, 300 ಹಾರ್ಸ್‌ಪವರ್. ಡ್ರ್ಯಾಗ್ ರೇಸಿಗೆ ಹೋಗಬೇಕು, ನೇರ ಟ್ರ್ಯಾಕಿನ ಆ 402 ಮೀಟರನ್ನು ಎಲ್ಲರಿಗಿಂತ ಮೊದಲು ಮುಗಿಸಬೇಕು ಅನ್ನುವ ಆಸೆ. ಅಂಥವರು ನನ್ನ ಗ್ಯಾರೇಜಿಗೆ ಬಂದ ಕೂಡಲೇ ಕೇಳುವುದು ಒಂದೇ: "ಅಣ್ಣಾ, ಇನ್ನೂ ಎಷ್ಟು ಪವರ್ ತೆಗೀಬಹುದು?" ನನ್ನ ಉತ್ತರವೂ ಒಂದೇ. ಪವರ್ ಆಮೇಲೆ, ಮೊದಲು ಟೈರ್.

ನಿಮ್ಮ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಹೆಚ್ಚುಕಡಿಮೆ ಅಂಗೈಯಷ್ಟು ಜಾಗ. ಎಂಜಿನ್ ಎಷ್ಟೇ ಜೋರಾಗಿರಲಿ, ಅಷ್ಟು ರಬ್ಬರ್ ಎಷ್ಟು ಹಿಡಿದುಕೊಳ್ಳುತ್ತದೋ ಅಷ್ಟೇ ಕಾರು ಮುಂದೆ ಹೋಗುವುದು. ಮಿಕ್ಕಿದ್ದೆಲ್ಲ ಹೊಗೆ. ಹೊಗೆ ನೋಡಿ ಜನ ಶಿಳ್ಳೆ ಹೊಡೆಯುತ್ತಾರೆ, ಆದರೆ ಹೊರಡುವಾಗ ಹೊಗೆ ಬಂದರೆ ನೀವು ಸೋತಿರಿ ಅಂತಲೇ ಲೆಕ್ಕ. ಟೈರ್ ಒಂಚೂರು ಜಾರುವಾಗ, ಅಂದರೆ ಶೇಕಡಾ 10ರಿಂದ 15ರಷ್ಟು, ಅದರ ಹಿಡಿತ ಅತಿ ಹೆಚ್ಚು. ಅದನ್ನು ದಾಟಿ ಗಿರಗಿರ ತಿರುಗಲು ಶುರುವಾದರೆ ಹಿಡಿತ ಬಿದ್ದುಹೋಗುತ್ತದೆ.

ನಮ್ಮಲ್ಲಿ ಬಹುಪಾಲು ಕಾರುಗಳು ಫ್ರಂಟ್ ವೀಲ್ ಡ್ರೈವ್, ಅಂದರೆ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. 1,400 ಕೆಜಿಯ ಕಾರು ಅಂತ ಇಟ್ಟುಕೊಳ್ಳಿ. ಮುಂದಿನ ಚಕ್ರಗಳ ಮೇಲೆ 840 ಕೆಜಿ. ಜೋರಾಗಿ ಹೊರಟ ತಕ್ಷಣ ಅದರಲ್ಲಿ ಸುಮಾರು 130 ಕೆಜಿ ಭಾರ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಎಳೆಯಬೇಕಾದ ಚಕ್ರವೇ ಹಗುರಾಗುತ್ತದೆ! ಸಾಧಾರಣ ಟೈರ್ ಇದ್ದರೆ 100 ಕಿಲೋಮೀಟರ್ ವೇಗ ಮುಟ್ಟಲು 6 ಸೆಕೆಂಡಿನ ಆಸುಪಾಸು ಬೇಕೇ ಬೇಕು. 230 ಹಾರ್ಸ್‌ಪವರ್ ಇರಲಿ, 400 ಇರಲಿ, ಅಲ್ಲಿಗೇ ನಿಂತಿತು. ಗೋಡೆ ಎಂಜಿನ್ನಿನದ್ದಲ್ಲ, ಟೈರಿನದ್ದು.

ತುಮಕೂರು ಕಡೆಯ ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಟರ್ಬೊ ಸೆಡಾನ್, ರೀಮ್ಯಾಪ್ ಮಾಡಿಸಿದ್ದ, ಅಂದರೆ ಪವರ್ ಹೆಚ್ಚಲಿ ಅಂತ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿದ್ದ, ಎಕ್ಸಾಸ್ಟ್ ಬದಲಿಸಿದ್ದ, ಏರ್ ಇಂಟೇಕ್ ಹಾಕಿಸಿದ್ದ. ಏರ್‌ಸ್ಟ್ರಿಪ್ ಒಂದರಲ್ಲಿ ಡ್ರ್ಯಾಗ್ ರೇಸ್. ಪಕ್ಕದ ಲೇನಿನಲ್ಲಿ ಕಂಪನಿಯಿಂದ ಬಂದ ಹಾಗೇ ಇದ್ದ ಒಂದು ಆಟೊಮ್ಯಾಟಿಕ್ ಕಾರು. ಹಸಿರು ದೀಪ ಹತ್ತಿತು. ನಮ್ಮ ಹುಡುಗನ ಮುಂದಿನ ಚಕ್ರಗಳು ಕಿರುಚಿ ಧಡಧಡ ಕುಣಿದವು, ಸ್ಟೀರಿಂಗ್ ಎಡಕ್ಕೆ ಎಳೆಯಿತು. ಪಕ್ಕದವನು ಸದ್ದಿಲ್ಲದೆ ಹೋಗಿಯೇ ಬಿಟ್ಟ. ವಾಪಸ್ ಬಂದು ನನಗೆ ಹೇಳಿದ್ದೇನು ಗೊತ್ತಾ? "ಅಣ್ಣಾ, ಬೂಸ್ಟ್ ಇನ್ನೂ ಸ್ವಲ್ಪ ಜಾಸ್ತಿ ಮಾಡಿಕೊಡಿ." ಮತ್ತೆ ಪವರ್ರೇ ಬೇಕಂತೆ!

ನಾನು ಬಾನೆಟ್ ತೆಗೆಯಲೇ ಇಲ್ಲ. ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕ ಒರೆಸಿದೆ. ಅಲ್ಲಿ ನಾಲ್ಕು ಅಂಕಿ: 1416. ಅಂದರೆ 2016ನೇ ಇಸವಿಯ 14ನೇ ವಾರ ತಯಾರಾದ ಟೈರ್. "ಗ್ರೂವ್ ಚೆನ್ನಾಗಿದೆಯಲ್ಲಾ" ಅಂದ. ಗ್ರೂವ್ ಇತ್ತು, ನಿಜ. ಆದರೆ ಉಗುರು ಒತ್ತಿದರೆ ಒಂಚೂರೂ ಒಳಗೆ ಹೋಗಲಿಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ರಬ್ಬರ್ ಗಟ್ಟಿಯಾಗಿತ್ತು. ಅದೇ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಇನ್ನೊಂದು ಸಂಖ್ಯೆ ಇತ್ತು, 420. ಆ ಸಂಖ್ಯೆ ದೊಡ್ಡದಿದ್ದಷ್ಟೂ ಟೈರ್ ಬಾಳಿಕೆ ಬರುತ್ತದೆ. ಚಿಕ್ಕದಿದ್ದರೆ ಬೇಗ ಸವೆಯುತ್ತದೆ, ಆದರೆ ಗಟ್ಟಿಯಾಗಿ ಹಿಡಿಯುತ್ತದೆ.

200 ಟ್ರೆಡ್‌ವೇರಿನ ಹೊಸ ಟೈರ್ ಹಾಕಿಸಿದೆ. ಮುಂದಿನ ಟೈರಿನ ಗಾಳಿ 33 ಪಿಎಸ್‌ಐಯಿಂದ 27ಕ್ಕೆ ಇಳಿಸಿದೆ. ಎಂಜಿನ್ನಿಗೆ ಸ್ಪ್ಯಾನರ್ ಮುಟ್ಟಿಸಲಿಲ್ಲ. ಮುಂದಿನ ಸಲದ ಟೈಮ್ ಸ್ಲಿಪ್ಪಿನಲ್ಲಿ, ಅಂದರೆ ರೇಸ್ ಮುಗಿದ ಮೇಲೆ ಕೊಡುವ ಸಮಯದ ಚೀಟಿಯಲ್ಲಿ, ಮೊದಲ 60 ಅಡಿ ನೋಡಿ: 2.5 ಸೆಕೆಂಡ್ ಇದ್ದದ್ದು 2.1 ಆಗಿತ್ತು. ರೇಸ್ ಗೆಲ್ಲುವುದು ಅಲ್ಲೇ, ಮೊದಲ 18 ಮೀಟರಿನಲ್ಲೇ. ಆ ಹುಡುಗ ಸ್ಲಿಪ್ಪನ್ನು ಎರಡೆರಡು ಸಲ ಓದಿದ!

ಅಮೆರಿಕದಲ್ಲಿ ಡ್ರ್ಯಾಗ್ ರೇಸಿಗೆಂದೇ ಕಟ್ಟಿದ ಟಾಪ್ ಫ್ಯೂಯೆಲ್ ಕಾರುಗಳಿಗೆ 11,000 ಹಾರ್ಸ್‌ಪವರ್. ಅವರೇನು ಮಾಡುತ್ತಾರೆ? ಹಿಂದಿನ ಟೈರಿನಲ್ಲಿ 10 ಪಿಎಸ್‌ಐಗಿಂತಲೂ ಕಡಿಮೆ ಗಾಳಿ. ಟ್ರ್ಯಾಕಿಗೆ ಅಂಟು ಹೊಡೆಯುತ್ತಾರೆ. ಹೊರಡುವ ಮುಂಚೆ ಟೈರ್ ಉಜ್ಜಿ ಬಿಸಿ ಮಾಡುತ್ತಾರೆ. ಅಷ್ಟು ಪವರ್ ಇರುವವರೇ ಟೈರಿಗೆ ಇಷ್ಟು ಮರ್ಯಾದೆ ಕೊಡುತ್ತಾರೆ, ನಾವು ಕೊಡಬೇಡವಾ?

ಸಮಯ ಆಗ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಮ್ಯಾನುಯಲ್ ಕಾರಾದರೆ ರೆಡ್ ಲೈನಿನಲ್ಲಿ, ಅಂದರೆ ಎಂಜಿನ್ ತನ್ನ ಗರಿಷ್ಠ ವೇಗದಲ್ಲಿ ತಿರುಗುವಾಗ, ಕ್ಲಚ್ ಒಮ್ಮೆಗೇ ಬಿಟ್ಟುಬಿಡಬೇಡಿ. 2,500, 3,000 ಆರ್‌ಪಿಎಂನಲ್ಲಿ ಹಿಡಿದು, ಕ್ಲಚ್ ಕಚ್ಚುವ ಜಾಗಕ್ಕೆ ತಂದು ಬಿಡಿ. ಕಾರು ಮುಂದಕ್ಕೆ ಸಾಗಿದ ಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿ. ಹೊರಡುವಾಗ ಚಕ್ರ ಜಾರದಂತೆ ಪವರನ್ನು ತಾನೇ ಹಿಡಿದಿಡುವ ಲಾಂಚ್ ಕಂಟ್ರೋಲ್ ಇದ್ದರೆ ಬಳಸಿ, ಆದರೆ ಗಟ್ಟಿ ಟೈರಿಗೆ ಅದೂ ಏನೂ ಮಾಡಲಾರದು. ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಒಳ್ಳೆಯದೇ, ಟೈರ್ ಆದಮೇಲೆ ಹಾಕಿಸಿ. ಮತ್ತೆ, ದಯವಿಟ್ಟು, ಇದ್ಯಾವುದನ್ನೂ ರಾತ್ರಿ ಹೊತ್ತು ಏರ್‌ಪೋರ್ಟ್ ರಸ್ತೆಯಲ್ಲಿ ಮಾಡಬೇಡಿ. ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಶಿಕ್ಷೆಯಿದೆ. ಅನುಮತಿ ಪಡೆದ ರೇಸ್‌ಗಳು ನಡೆಯುತ್ತವೆ, ಅಲ್ಲಿಗೆ ಹೋಗಿ.

ಟ್ರ್ಯಾಕಿನಿಂದ ಮನೆಗೆ ಹೊರಡುವ ಮುಂಚೆ, ಡ್ರೈವರ್ ಬಾಗಿಲಿನ ಸ್ಟಿಕರ್‌ನಲ್ಲಿ ಬರೆದಿರುವಷ್ಟು ಗಾಳಿ ಮತ್ತೆ ತುಂಬಿಸಿಕೊಳ್ಳಿ. ಕಡಿಮೆ ಗಾಳಿಯಲ್ಲಿ ಹೈವೇ ಓಡಿಸಿದರೆ ಟೈರ್ ಕಾಯ್ದು ಒಡೆಯುತ್ತದೆ. ನಮಸ್ಕಾರ.